ಐದನೆಯ ಹೆಸರು

ಬಚ್ಚಲುಮನೆಯ ಕನ್ನಡಿಯ ಮುಂದೆ ನಿಂತು ಅವನು ಸಂತೋಷಪಟ್ಟು ನೋಡಿದ. ಸರಿಬರಲಿಲ್ಲ. ಅರ್ಧ ಮುಖಕ್ಕೆ ಸೋಪಿನ ನೊರೆ ಮೆತ್ತಿಕೊಂಡಿರುವುದರಿಂದ ಹೀಗೆ ಕಾಣುತ್ತಿರಬಹುದು ಎಂದುಕೊಂಡು ಕ್ಷೌರ ಮುಗಿಸಿ, ಮುಖ ತೊಳೆದು, ಒರೆಸಿಕೊಂಡು ಮತ್ತೆ ನಕ್ಕ. ತುಟಿಗಳೇನೋ ಅಗಲವಾದವು, ಹಲ್ಲೂ ಕಂಡವು, ಆದರೆ ಕಣ್ಣುಗಳು ಮಾತ್ರ ಕರೆಯದ ಮನೆಯ ಬಾಗಿಲಲ್ಲಿ ನಿಂತವರ ಹಾಗೆ, ಒಳಗೆ ಬರಲೋ ಬೇಡವೋ ಎಂದು ಅನುಮಾನಿಸುತ್ತ ಹಿಂದೆಯೇ ಉಳಿದವು. ಹುಬ್ಬು ಎತ್ತಿದ. ಇಂಗು ತಿಂದ ಮಂಗನ ಹಾಗಾಯಿತು. ಇನ್ನು ಸ್ವಲ್ಪ ಹೊತ್ತಿಗೆ ಈ ಮುಖವನ್ನು ಮನೆಮನೆಯ ಟಿವಿಯಲ್ಲಿ ಜನ ನೋಡುತ್ತಾರೆ ಎಂಬುದು ನೆನಪಾಗಿ ಹುಬ್ಬು ಇಳಿಸಿದ. ಜನ ನೋಡಿದರೆ ನೋಡಿಕೊಳ್ಳಲಿ, ಅವರಿಗೇನು, ಕೈಯಲ್ಲಿ ತಟ್ಟೆ ಹಿಡಿದು ನೋಡುತ್ತಾರೆ, ಕೈ ತೊಳೆಯುವಷ್ಟರಲ್ಲಿ ಮರೆಯುತ್ತಾರೆ. ಅಣ್ಣ ನೋಡುತ್ತಾನೆ. ಒಂದೇ ಸೋಫಾದ ಮೇಲೆ, ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂತು ನೋಡುತ್ತಾನೆ. ಒಣಗಿದ ತುಟಿಯನ್ನು ಅವನು ಮಣಿಕಟ್ಟಿನ ಹಿಂಬದಿಯಿಂದ ಒರೆಸಿಕೊಂಡ. ಒರೆಸಿಕೊಂಡದ್ದು ಕನ್ನಡಿಯಲ್ಲಿ ಕಂಡು, ಯಾರೋ ತನ್ನನ್ನು ಅಣಕಿಸಿದರೆಂಬಂತೆ ಬೆಚ್ಚಿದ.

ಅವನು ಪತ್ರಿಕೆಯೊಂದರ ಸಿನಿಮಾ ಪುಟ ನೋಡಿಕೊಳ್ಳುವವನು. ವರ್ಷದ ಚಲನಚಿತ್ರ ಪ್ರಶಸ್ತಿಗಳ ನಾಮಿನೇಷನ್‌ಗೆ ಮತ ಹಾಕುವ ಗಡುವು ಮುಗಿಯುವ ಮುಂಚಿನ ಭಾನುವಾರ, ಯಾವ ವಿಭಾಗದಲ್ಲಿ ಯಾವ ಐದು ಹೆಸರು ಬರುತ್ತವೆ ಎಂದು ಅವನು ಬರೆಯುತ್ತಾನೆ, ಹೆಚ್ಚುಕಡಿಮೆ ಅವೇ ಬರುತ್ತವೆ. ಅವನು ಲೊಚಗುಟ್ಟಿದ ಮೇಲೆ ಮುಗಿಯಿತು ಎಂದು ಆಫೀಸಿನಲ್ಲಿ ಹಲ್ಲಿ ಎಂದು ಹೆಸರಿಟ್ಟಿದ್ದಾರೆ. ಮೊದಮೊದಲು ಬೆನ್ನ ಹಿಂದೆ ಕರೆಯುತ್ತಿದ್ದರು, ಈಗ ಎದುರಿಗೇ ಕರೆಯುತ್ತಾರೆ, ಅವನೂ ಓಗೊಡುತ್ತಾನೆ. ಅದರಲ್ಲಿ ವಿದ್ಯೆಯೇನೂ ಇಲ್ಲ. ಮತ ಹಾಕುವವರಲ್ಲಿ ಯಾರು ಯಾರೊಡನೆ ಮಾತು ಬಿಟ್ಟಿದ್ದಾರೆ, ಯಾವ ಮುದಿನಟನಿಗೆ ಹೋದ ವರ್ಷ ಮಾಡಿದ ಅನ್ಯಾಯ ಅವರ ಮನಸ್ಸನ್ನು ಇನ್ನೂ ಚುಚ್ಚುತ್ತಿದೆ, ಇಷ್ಟು ಗೊತ್ತಿದ್ದರೆ ಸಾಕು. "ನೀನು ಭವಿಷ್ಯ ಹೇಳ್ತಾ ಇಲ್ಲಪ್ಪ," ಎಂದು ಹಳೆಯ ಸಂಪಾದಕರು ನಿವೃತ್ತರಾಗುವ ದಿನ ಟೀ ಲೋಟ ಕೆಳಗಿಡುತ್ತ ಹೇಳಿದ್ದರು. "ಅವರಲ್ಲಿ ಅರ್ಧ ಜನ ಸಿನಿಮಾ ನೋಡೋದೇ ಇಲ್ಲ. ನಿನ್ನ ಪುಟ ನೋಡ್ತಾರೆ, ಮತ ಹಾಕ್ತಾರೆ. ನೀನು ಬರೀತೀಯ ಅಂತಲೇ ಅದು ಆಗೋದು." ಆಗ ಅದು ಹೊಗಳಿಕೆಯಂತೆ ಕೇಳಿಸಿತ್ತು, ಮನೆಗೆ ಹೋಗುವ ದಾರಿಯಲ್ಲೆಲ್ಲ ಅದನ್ನೇ ಮೆಲುಕು ಹಾಕಿದ್ದ.

ಈ ಸಲ ಪೋಷಕ ನಟರ ವಿಭಾಗದಲ್ಲಿ ನಾಲ್ಕು ಹೆಸರನ್ನು ಕಣ್ಣು ಮುಚ್ಚಿ ಬರೆದ. ಐದನೆಯದು ಅಣ್ಣನದು. ಬರೆದ, ಮಧ್ಯಾಹ್ನವೆಲ್ಲ ಹಾಗೇ ಇಟ್ಟುಕೊಂಡ, ಪುಟ ಮುಗಿಸುವ ಹೊತ್ತಿಗೆ ಅಳಿಸಿ, ವರ್ಷದಲ್ಲಿ ಅರ್ಧ ಆಸ್ಪತ್ರೆಯಲ್ಲೇ ಕಳೆದ ಒಬ್ಬ ಹಿರಿಯ ನಟನ ಹೆಸರು ಹಾಕಿದ. ಒಡಹುಟ್ಟಿದವನನ್ನು ಮೇಲೆತ್ತಿದ ಎಂದು ಜನ ಆಡಿಕೊಳ್ಳುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡ. ಒಳ್ಳೆಯ ಕಾರಣವೇ. ಯಾರಿಗೆ ಹೇಳಿದರೂ ತಲೆದೂಗುವಂಥ ಕಾರಣ. ಆದರೆ ಅಳಿಸುವಾಗ ಬೆರಳು ಎಷ್ಟು ಹಗುರಾಗಿ ಹೋಯಿತೆಂಬುದು ಅವನಿಗೆ ನೆನಪಿದೆ. ಅದಾದ ಮೇಲೆ ನಿದ್ದೆ ಕೆಟ್ಟಿತು. ಅಣ್ಣನ ಹೆಸರು ಬಾರದಿದ್ದರೆ ತಪ್ಪಿಸಿದವನು ತಾನು. ಬಂದರೆ, ಊರಿಗೆಲ್ಲ ಕಂಡದ್ದು ಇವನಿಗೊಬ್ಬನಿಗೆ ಕಾಣಲಿಲ್ಲವೇ, ಅಥವಾ ಕಂಡೂ ಮುಚ್ಚಿಟ್ಟನೇ ಎಂದು ಕೇಳುತ್ತಾರೆ. ಅತ್ತ ದರಿ, ಇತ್ತ ಪುಲಿ. ಇವೆರಡನ್ನಾದರೂ ಹೇಗೋ ತಡೆದುಕೊಳ್ಳಬಹುದಿತ್ತು. ಅವನು ನಿಜವಾಗಿ ಹೆದರುತ್ತಿದ್ದದ್ದು ಮೂರನೆಯದಕ್ಕೆ. ತಾನು ಯಾವುದನ್ನು ಬಯಸುತ್ತಿದ್ದೇನೆ ಎಂದು ಅವನಿಗೇ ಗೊತ್ತಿರಲಿಲ್ಲ, ಹೆಸರು ಕೇಳಿದ ಗಳಿಗೆಯಲ್ಲಿ ತನ್ನ ಮುಖಕ್ಕೆ ಮಾತ್ರ ಅದು ಗೊತ್ತಾಗಿಬಿಡುತ್ತದೆ, ಮತ್ತು ಆ ಮುಖದ ಎದುರಿಗೆ ಒಂದು ಕ್ಯಾಮೆರಾ ಇರುತ್ತದೆ.

ಇದು ಟಿವಿಯ ಪ್ರೊಡ್ಯೂಸರ್ ಮೇಡಂ ಹೂಡಿದ ಆಟ. ಪ್ರತಿವರ್ಷ ಅವನನ್ನು ಸ್ಟುಡಿಯೋಗೇ ಕರೆಸಿ ಕೂರಿಸುತ್ತಿದ್ದವರು ಈ ಸಲ ಫೋನಿನಲ್ಲಿ, "ಸರ್, ಅಣ್ಣ ನಟ, ತಮ್ಮ ಹಲ್ಲಿ, ಇದಕ್ಕಿಂತ ಇನ್ನೇನು ಬೇಕು ಹೇಳಿ, ಅಣ್ಣನ ಮನೆಯಿಂದಲೇ ಲೈವ್ ಮಾಡಿಬಿಡೋಣ," ಎಂದಿದ್ದರು. ಅವನು, ಬೇಡ ಮೇಡಂ, ನನ್ನ ಪಟ್ಟಿಯಲ್ಲಿ ಅಣ್ಣ ಇಲ್ಲ, ಎಂದ. "ಅದೇ ಮಜಾ ಅಲ್ವಾ ಸರ್!" ಎಂದು ಅವರು ನಕ್ಕರು. ಅಣ್ಣ ಒಪ್ಪಲಾರ ಎಂಬ ಒಂದು ಆಸೆಯಿತ್ತು. ಅಣ್ಣ ಆಗಲೇ ಒಪ್ಪಿಯಾಗಿತ್ತು. ಈಗ ಕಾರಿನಲ್ಲಿ ಕ್ಯಾಮೆರಾದವನ ಪಕ್ಕ ಕೂತು, ತೊಡೆಯ ಮೇಲೆ ಅವನು ಹೊರಿಸಿದ ತಂತಿಗಳ ಚೀಲ ಇಟ್ಟುಕೊಂಡು ಹೋಗುತ್ತಿದ್ದಾಗ, ಕಿಟಕಿಯ ಗಾಜಿನಲ್ಲಿ ಅಂಗಡಿಗಳ ಮೇಲೆ ತನ್ನ ಮುಖ ಹರಿದುಹೋಗುವುದನ್ನು ಅವನು ನೋಡಿದ. ಔಷಧಿ ಅಂಗಡಿ, ಬೀಗ ರಿಪೇರಿ, ಮುಚ್ಚಿದ ಶಟರು, ಎಲ್ಲದರ ಮೇಲೂ ಒಂದೇ ಮುಖ. ಸಂತೋಷ, ಎನ್ನುತ್ತಿದ್ದ ಅಣ್ಣ, ಚಿಕ್ಕಂದಿನಲ್ಲಿ. ಮಂಚದ ಮೇಲೆ ಇಬ್ಬರೂ ಎದುರುಬದುರು ಚಕ್ಕಳಮಕ್ಕಳ ಹಾಕಿ ಕೂತಿರುತ್ತಿದ್ದರು, ಅಪ್ಪ ಪಕ್ಕದ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿರುತ್ತಿದ್ದರು. ಅಣ್ಣ ಒಂದು ಭಾವದ ಹೆಸರು ಹೇಳಬೇಕು, ಇವನು ಆ ಮುಖ ಮಾಡಬೇಕು, ಅಣ್ಣ ನೋಡಿ ನಿಜ ಎನ್ನಬೇಕು, ಇಲ್ಲವೇ ಸುಳ್ಳು ಎನ್ನಬೇಕು. ಸಂತೋಷ. ಸುಳ್ಳು. ಕೋಪ. ಸುಳ್ಳು. ದುಃಖ ಮಾಡಿ ನಿಜವಾಗಿಯೇ ಅತ್ತಾಗಲೂ ಸುಳ್ಳು. "ಭಯ" ಎಂದಾಗ ಮಾತ್ರ ಇವನು ಮುಖ ಮಾಡುವ ಮೊದಲೇ ಅಣ್ಣ "ನಿಜ, ನಿಜ" ಎಂದು ಚಪ್ಪಾಳೆ ತಟ್ಟಿ ಬಿದ್ದು ಬಿದ್ದು ನಗುತ್ತಿದ್ದ. ಅಣ್ಣ ಆಟದಲ್ಲೂ ಮೋಸ ಮಾಡುತ್ತಿರಲಿಲ್ಲ. ಸಮಾಧಾನಕ್ಕೆಂದು ಒಂದು ಸಲವಾದರೂ ನಿಜ ಎನ್ನಬಾರದೇ ಎಂದು ಇವನು ಕಾದದ್ದೇ ಬಂತು.

"ಸಾರ್, ಒಂದು ವಿಷಯ," ಎಂದ ಕ್ಯಾಮೆರಾದವನು, ಸಿಗ್ನಲ್ಲಿನಲ್ಲಿ ನಿಂತಾಗ. "ನಿಮ್ಮ ಕಿವಿಯಲ್ಲಿ ಇಯರ್‌ಫೋನ್ ಇರತ್ತೆ. ಸ್ಟುಡಿಯೋದಲ್ಲಿ ಹೇಳಿದ್ದು ಅದರಲ್ಲಿ ತಕ್ಷಣ ಕೇಳಿಸತ್ತೆ. ಮನೆಯ ಟಿವಿಯಲ್ಲಿ ಬರೋದು ಸ್ವಲ್ಪ ಲೇಟು. ಅದಕ್ಕೇ ಕೇಳಿಸಿದ ಕೂಡಲೇ ಮುಖ ಮಾಡ್ಬೇಡಿ, ಆಯ್ತಾ? ಟಿವಿಯಲ್ಲಿ ಬರೋವರೆಗೂ ತಡೀರಿ. ಹೋದ ವರ್ಷ ಹೀಗೇ ಒಬ್ಬರು ಮುಂಚೇನೇ ಎದ್ದು ಕುಣಿದುಬಿಟ್ರು, ಮನೆಯವರೆಲ್ಲ ಇವರಿಗೇನೋ ಆಯ್ತು ಅಂತ ನೀರು ತರೋಕೆ ಓಡಿದ್ರು." ಅವನು ಹೇಳಿ ತಾನೇ ನಕ್ಕ.

"ಎಷ್ಟು ಲೇಟು?"

"ಕೆಮ್ಮಿ ಸುಧಾರಿಸಿಕೊಳ್ಳೋವಷ್ಟು ಸಾರ್. ಏನಿಲ್ಲ, ತಡ್ಕೊಂಡ್ರೆ ಆಯ್ತು."

ತಡ್ಕೊಂಡ್ರೆ ಆಯ್ತು. ಅಣ್ಣನಿಗೆ ತಿಳಿಯುವ ಮೊದಲೇ ತನಗೆ ತಿಳಿದಿರುತ್ತದೆ, ಅಣ್ಣ ಪಕ್ಕದಲ್ಲಿ ಏನೂ ತಿಳಿಯದೆ ಕೂತಿರುತ್ತಾನೆ, ಆ ಕೆಮ್ಮುವಷ್ಟು ಹೊತ್ತು ಈ ಮುಖವನ್ನು ಎಲ್ಲಿಡಬೇಕು? ಅಣ್ಣನ ಸಿನಿಮಾ ನೋಡಿದ ದಿನವೂ ಥಿಯೇಟರಿನ ಕತ್ತಲಲ್ಲಿ ಅವನು ಮುಖ ಎಲ್ಲಿಡಬೇಕೆಂದು ತಿಳಿಯದೆ ಕೂತಿದ್ದ. ಪತ್ರಕರ್ತರಿಗೆಂದು ಬೆಳಗಿನ ಹೊತ್ತು ಹಾಕಿದ ಪ್ರದರ್ಶನ, ಅರ್ಧ ಖಾಲಿ ಕುರ್ಚಿಗಳು, ಯಾರೋ ಹಿಂದೆ ಚಿಪ್ಸಿನ ಪೊಟ್ಟಣ ಹರಿಯುತ್ತಿದ್ದರು. ಅಷ್ಟು ವರ್ಷ ನಾಯಕಿಯ ಅಪ್ಪನಾಗಿ, ಆಪರೇಷನ್ ಕೋಣೆಯಿಂದ ಹೊರಬಂದು ಕನ್ನಡಕ ತೆಗೆಯುವ ಡಾಕ್ಟರಾಗಿ, ಎರಡು ಮಾತಿನ ಇನ್ಸ್‌ಪೆಕ್ಟರಾಗಿ ಸವೆದ ಅಣ್ಣನಿಗೆ ಈ ಸಿನಿಮಾದಲ್ಲಿ ಮೊದಲ ಬಾರಿಗೆ ಒಂದು ಪಾತ್ರ ಸಿಕ್ಕಿತ್ತು. ರಸ್ತೆಯಲ್ಲಿ ಒಬ್ಬನನ್ನು ಹೊಡೆದು ಸಾಯಿಸುವುದನ್ನು ಕಿಟಕಿಯಿಂದ ನೋಡಿದ, ನೋಡಿಲ್ಲ ಎಂದು ಹೇಳುವ ಗುಮಾಸ್ತ. ಪೊಲೀಸರು ಮನೆಗೆ ಬಂದು ಕೇಳುತ್ತಾರೆ, ಹೆಂಡತಿ ಬಾಗಿಲ ಮರೆಯಲ್ಲಿ ನಿಂತಿದ್ದಾಳೆ, ಗುಮಾಸ್ತ ಉತ್ತರ ಕೊಡುವ ಮೊದಲು ಒಣಗಿದ ತುಟಿಯನ್ನು ಮಣಿಕಟ್ಟಿನ ಹಿಂಬದಿಯಿಂದ ಒರೆಸಿಕೊಳ್ಳುತ್ತಾನೆ. ಎಡಗಣ್ಣು ಬಲಗಣ್ಣಿಗಿಂತ ಒಂದಿಷ್ಟು ಮುಂಚೆ ರೆಪ್ಪೆ ಬಡಿಯುತ್ತದೆ. ನಗಬಾರದ ಕಡೆ ಹುಳ್ಳಗೆ ನಗುತ್ತಾನೆ. ಕತ್ತಲಲ್ಲಿ ಕೂತು ನೋಡುತ್ತಿದ್ದ ಅವನಿಗೆ ಮೊದಲು ಅರ್ಥವಾಗಲಿಲ್ಲ, ಆಮೇಲೆ ಗುರುತು ಸಿಕ್ಕಿತು. ಗೋಡೆಯಷ್ಟು ದೊಡ್ಡ ಪರದೆಯ ತುಂಬ ತನ್ನದೇ ಮುಖ. ಪಕ್ಕದ ಕುರ್ಚಿಯಲ್ಲಿದ್ದ ಬೇರೆ ಪತ್ರಿಕೆಯವಳು ಬಾಗಿ, "ಎಂಥ ಹೇಡಿ ನೋಡಿ, ಮೈ ಜುಮ್ ಅನ್ನತ್ತೆ, ಇಂಥವರನ್ನ ಎಲ್ಲಿ ನೋಡಿರ್ತಾರೋ ನಿಮ್ಮಣ್ಣ," ಎಂದಳು. ಅವನು ತಲೆಯಾಡಿಸಿ, ತುಟಿಯ ಕಡೆ ಹೊರಟ ಕೈಯನ್ನು ತೊಡೆಯ ಕೆಳಗೆ ಹಾಕಿ ಅದರ ಮೇಲೆ ಕೂತ. ಸಿನಿಮಾ ಮುಗಿಯುವವರೆಗೂ ಹಾಗೇ ಕೂತಿದ್ದ, ಎದ್ದಾಗ ಕೈ ಜೋಮು ಹಿಡಿದಿತ್ತು.

ಅಣ್ಣನ ಮನೆ ಎರಡನೆಯ ಮಹಡಿಯಲ್ಲಿ. ಮೆಟ್ಟಿಲು ಹತ್ತುವಾಗಲೇ ಮೇಲಿನಿಂದ ಕುರ್ಚಿ ಎಳೆಯುವ ಸದ್ದು ಕೇಳಿಸುತ್ತಿತ್ತು. ಬಾಗಿಲು ತೆರೆದದ್ದು ಅತ್ತಿಗೆ. ಅವನು ಶಾಲೆಗೆ ಹೋಗುತ್ತಿದ್ದಾಗ ಮನೆಗೆ ಬಂದ ಅತ್ತಿಗೆ, ಅವನ ಅಂಗಿಯ ಗುಂಡಿ ಹೊಲಿದುಕೊಟ್ಟವರು, ಇವತ್ತು ಎಲ್ಲಿಗೂ ಹೋಗುವುದಿಲ್ಲವಾದರೂ ಒಳ್ಳೆಯ ಸೀರೆ ಉಟ್ಟು ಕಾಲಿಗೆ ಚಪ್ಪಲಿ ಕೂಡ ಹಾಕಿಕೊಂಡಿದ್ದರು. "ಬಾಪ್ಪ ಬಾ," ಎಂದರು. "ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನೇ ಹೋಗಿ ಬಚ್ಚಲಲ್ಲಿ ಬಿತ್ತಂತೆ. ನೋಡೋಣ, ಇವತ್ತು ಏನು ಬೀಳತ್ತೋ." ನಗುತ್ತಲೇ ಹೇಳಿದರು. ಬೆಳಗ್ಗೆ ಬಚ್ಚಲಿನ ಕನ್ನಡಿಯ ಮುಂದೆ ತಾನು ನಿಂತದ್ದು ಇವರಿಗೆ ಹೇಗೆ ಗೊತ್ತಾಯಿತು ಎಂದು ಅವನಿಗೆ ಒಂದು ಗಳಿಗೆ ನಿಜವಾಗಿಯೂ ಗಾಬರಿಯಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ತನ್ನದು.

"ಏ, ಸುಮ್ನಿರೇ," ಎಂದು ಒಳಗಿನಿಂದ ಅಣ್ಣ ಬಂದ. ಇಸ್ತ್ರಿಯ ಬಿಸಿ ಇನ್ನೂ ಆರದ ಅಂಗಿ, ಕೂದಲಿಗೆ ಆಗಷ್ಟೇ ಹಚ್ಚಿದ ಬಣ್ಣ, ಕಿವಿಯ ಹತ್ತಿರ ಚರ್ಮಕ್ಕೂ ತಾಗಿತ್ತು. ಆ ಒಂದು ಕಪ್ಪು ಕಲೆಯನ್ನು ನೋಡಿ ಅವನಿಗೆ ಅಳು ಬಂದಂತಾಯಿತು. ಅಣ್ಣ ಆಸೆಪಟ್ಟಿದ್ದಾನೆ. ಎಂದೂ ಏನನ್ನೂ ಕೇಳದವನು, ಬೇರೆಯವರು ಬಿಟ್ಟ ಪಾತ್ರಗಳನ್ನು ಉಟ್ಟು ತೊಟ್ಟು ಕಾಲ ಹಾಕಿದವನು, ಬೆಳಗ್ಗೆ ಎದ್ದು ಕನ್ನಡಿಯ ಮುಂದೆ ಕೂತು ಬಣ್ಣ ಹಚ್ಚಿಕೊಂಡಿದ್ದಾನೆ. "ನಿನ್ನ ಲೇಖನ ಓದಿದೆ ಕಣೋ," ಎಂದ ಅಣ್ಣ, ಅವನ ಭುಜ ಹಿಡಿದು. "ಸರಿಯಾಗೇ ಬರ್ದಿದೀಯ. ಆ ಹಿರಿಯರಿಗೆ ಈ ವರ್ಷ ಕೊಡದೆ ಇನ್ಯಾವಾಗ ಕೊಡ್ತಾರೆ? ನಂದೇನು ಬಿಡು." ಅಷ್ಟೇ. ಸಿಟ್ಟಿಲ್ಲ, ಕೊಂಕಿಲ್ಲ. ಬೈದಿದ್ದರೆ, ಯಾಕೋ ನನ್ನ ಹೆಸರು ಬಿಟ್ಟೆ ಎಂದು ಕಾಲರು ಹಿಡಿದು ಕೇಳಿದ್ದರೆ, ಅವನು ಇದ್ದದ್ದೆಲ್ಲ ಹೇಳಿ ಹಗುರಾಗುತ್ತಿದ್ದನೇನೋ. ಅಣ್ಣ ಕೇಳಲಿಲ್ಲ. ಅವನು ಹೇಳಲಿಲ್ಲ.

ಕ್ಯಾಮೆರಾದವನು ಸೋಫಾವನ್ನು ಕಿಟಕಿಯಿಂದ ಈಚೆಗೆ ಎಳೆಸಿ, ಗೋಡೆಯ ಕ್ಯಾಲೆಂಡರು ತೆಗೆಸಿ, ಅಣ್ಣನ ಮಗಳನ್ನು ಹಿಂದೆ ಕುರ್ಚಿಯಲ್ಲಿ ಕೂರಿಸಿದ. ಕಾಲೇಜಿಗೆ ಚಕ್ಕರ್ ಹಾಕಿ ಮನೆಯಲ್ಲಿ ಉಳಿದ ಅವಳು ಎಲ್ಲದಕ್ಕೂ ನಗುತ್ತಿದ್ದಳು. ನಾಮಿನೇಷನ್ ಓದುವುದಕ್ಕೆ ಇನ್ನೂ ಹೊತ್ತಿತ್ತು. "ಮೊದಲು ಸಿಹಿ, ಕಹಿ ಎರಡೂ ತಗೊಂಡುಬಿಡೋಣ," ಎಂದ ಕ್ಯಾಮೆರಾದವನು. ಈ ಕಸುಬಿನಲ್ಲಿ ಅದು ರೂಢಿ. ಹೆಸರು ಬಂದರೆ ಪಡುವ ಸಂತೋಷ ಸಿಹಿ, ಬಾರದಿದ್ದರೆ ಪಡುವ ನಿರಾಸೆ ಕಹಿ, ಎರಡನ್ನೂ ಮೊದಲೇ ಚಿತ್ರಿಸಿ ಇಟ್ಟುಕೊಂಡರೆ, ಲೈವಿನಲ್ಲಿ ಸಂಪರ್ಕ ಕಡಿದರೂ, ಯಾರಾದರೂ ಕ್ಯಾಮೆರಾಕ್ಕೆ ಬೆನ್ನು ಹಾಕಿ ತಬ್ಬಿಕೊಂಡರೂ, ಬುಲೆಟಿನ್‌ಗೆ ಊನವಾಗುವುದಿಲ್ಲ. ಸ್ವತಃ ಅವನೇ ಎಷ್ಟೋ ನಟನಟಿಯರಿಂದ ಹಿಂದಿನ ದಿನವೇ ಫೋನಿನಲ್ಲಿ ಸಿಹಿ ಮಾತು ಹೇಳಿಸಿಕೊಂಡು, ನಾಮಿನೇಷನ್ ತಪ್ಪಿದವರ ಸಿಹಿಯನ್ನು ಸದ್ದಿಲ್ಲದೆ ಕಸಕ್ಕೆ ಹಾಕಿದ್ದಾನೆ. ಇನ್ನೂ ಆಗದ ಸಂತೋಷವನ್ನು ಎಲ್ಲರೂ ಎಷ್ಟು ಚೆನ್ನಾಗಿ ಪಡುತ್ತಾರೆ ಎಂದು ಆಗೆಲ್ಲ ಬೆರಗಾಗುತ್ತಿತ್ತು.

ಅಣ್ಣ ಸಿಹಿಯನ್ನು ಒಂದೇ ಸಲಕ್ಕೆ ಮುಗಿಸಿದ. ಮೊದಲು ನಂಬಿಕೆಯಾಗದ ಹಾಗೆ ಟಿವಿಯನ್ನು ನೋಡಿ, ಆಮೇಲೆ ಹೆಂಡತಿಯ ಕಡೆ ತಿರುಗಿ, ಕೊನೆಗೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅತ್ತಿಗೆಗೆ ಕಣ್ಣಲ್ಲಿ ನೀರೇ ಬಂತು. ಕಹಿಯಂತೂ ಇನ್ನೂ ಸೊಗಸು, ಒಂದು ಸಣ್ಣ ನಗು, ತೊಡೆಯ ಮೇಲೆ ಬಟ್ಟೆ ಸರಿಮಾಡಿಕೊಂಡದ್ದು, ಅಷ್ಟರಲ್ಲೇ ಮನೆಯಲ್ಲಿ ಸೂತಕ ಕವಿದಂತಾಯಿತು. "ಈಗ ನೀವು ಸಾರ್. ಅಣ್ಣನ ಹೆಸರು ಬಂತು. ಸಿಹಿ." ಅವನು ನಕ್ಕ. "ಇನ್ನೊಂದ್ಸಲ." ನಕ್ಕ. "ಸಾರ್, ಹಲ್ಲುನೋವಿನ ಥರ ಬರ್ತಿದೆ." ಮಗಳು ಕಿಸಕ್ಕೆಂದಳು. ಅವನು ಮತ್ತೆ ನಕ್ಕ. ಎಷ್ಟನೆಯದೋ ಸಲಕ್ಕೆ ಅಣ್ಣ ತಾನೇ ಎದ್ದು ಕ್ಯಾಮೆರಾದ ಪಕ್ಕ ಹೋಗಿ ಮಂಡಿಯೂರಿ ಕೂತ. "ನನ್ನ ನೋಡೋ. ನಗಬೇಡ. ಮೊದಲು ಉಸಿರು ಬಿಡು. ಪೂರ್ತಿ ಬಿಡು. ಈಗ ಅಪ್ಪ ಆಸ್ಪತ್ರೆಯಿಂದ ಮನೆಗೆ ಬಂದ್ರಲ್ಲ, ಆಟೋದಿಂದ ಕಾಲು ಕೆಳಗಿಟ್ರಲ್ಲ, ಅದನ್ನ ನೆನಸ್ಕೋ." ಅವನು ನೆನೆಸಿಕೊಂಡ. ಬಿಳಿಯ ಪಟ್ಟಿ ಸುತ್ತಿದ ಪಾದವೊಂದು ಮೆಲ್ಲಗೆ ನೆಲ ಹುಡುಕುತ್ತಿತ್ತು, ಅದನ್ನು ಕೈಯಲ್ಲಿ ಹಿಡಿದು ಇಳಿಸಿದ್ದು ಅಣ್ಣ, ಇವನು ಹೆದರಿ ಗೇಟಿನ ಹಿಂದೆಯೇ ನಿಂತಿದ್ದ. ಆದರೂ ಎದೆಯಲ್ಲಿ ಏನೋ ಬಿಚ್ಚಿತು, ಮುಖದ ಮೇಲೆ ಅದು ಹರಡಿತು. "ಬಂತು ಬಂತು, ಸೂಪರ್ ಸಾರ್," ಎಂದ ಕ್ಯಾಮೆರಾದವನು. ಅವನು ಅಣ್ಣನ ಕಡೆ ನೋಡಿದ, ತನಗೇ ತಿಳಿಯದಂತೆ ಕಾಯುತ್ತ. ಅಣ್ಣ ಮಂಡಿ ಒರೆಸಿಕೊಂಡು ಎದ್ದ. "ಸುಳ್ಳು," ಎಂದ ಮೆತ್ತಗೆ, ಕಣ್ಣು ಮಿಟುಕಿಸಿ. "ಆದ್ರೆ ಟಿವಿಗೆ ಸಾಕು." ಅಣ್ಣನಿಗೆ ಇನ್ನೂ ಎಲ್ಲ ಕಾಣುತ್ತದೆ.

ಟಿವಿಯಲ್ಲಿ ಬೇರೆ ಬೇರೆ ವಿಭಾಗಗಳು ಶುರುವಾದವು. ಅವನ ಕಿವಿಯಲ್ಲಿ ಎಲ್ಲವೂ ಒಂದಿಷ್ಟು ಮುಂಚೆ ನಡೆಯುತ್ತಿತ್ತು, ಅಲ್ಲಿ ಚಪ್ಪಾಳೆ ಬಿದ್ದು ಮುಗಿದ ಮೇಲೆ ಇಲ್ಲಿ ಟಿವಿಯಲ್ಲಿ ಹೆಸರು ಓದುವ ನಟಿ ಲಕೋಟೆ ಬಿಚ್ಚುತ್ತಿದ್ದಳು. ಛಾಯಾಗ್ರಹಣ, ಸಂಕಲನ, ಎಲ್ಲದರಲ್ಲೂ ಅವನು ಬರೆದದ್ದೇ ಬರುತ್ತಿತ್ತು. ಸ್ಟುಡಿಯೋದ ನಿರೂಪಕ ಹೊಗಳುತ್ತಿದ್ದ, ಅವನು ಏನೇನೋ ಉತ್ತರ ಕೊಡುತ್ತಿದ್ದ. ಬರೆದ ಹೆಸರು ಒಂದೊಂದು ಬಂದಾಗಲೂ ಹಳೆಯ ಸಂಪಾದಕರ ಟೀ ಲೋಟ ಅವನ ತಲೆಯೊಳಗೆ ಟಕ್ಕೆಂದು ಕೂರುತ್ತಿತ್ತು. ಹಾಗಾದರೆ ಬರೆಯದ ಹೆಸರು? ಜಾಹೀರಾತು ಬಂದಾಗ ಅಣ್ಣ ಅವನ ಕಡೆ ವಾಲಿ, ತಾನು ಏನೋ ಉಡುಗೊರೆ ಕೊಡುತ್ತಿರುವ ದನಿಯಲ್ಲಿ, "ಹೇಳ್ಬೇಕು ಹೇಳ್ಬೇಕು ಅನ್ಕೊಂಡಿದ್ದೆ ಕಣೋ. ಆ ಗುಮಾಸ್ತನ ಪಾತ್ರ ಮಾಡುವಾಗ ನಂಗೆ ನೀನೇ ನೆನಪಾಗ್ತಿದ್ದೆ," ಎಂದ.

"ನಾನಾ?" ಅವನ ದನಿ ಅವನಿಗೇ ಕೇಳಿಸಲಿಲ್ಲ.

"ಡೈರೆಕ್ಟ್ರು ಅವನನ್ನ ಬರೀ ಹೇಡಿ ಮಾಡಿ ಇಟ್ಟಿದ್ರು. ಹೇಡಿ ಅಂದ್ರೆ ಜನಕ್ಕೆ ಅಸಹ್ಯ ಅಷ್ಟೇ. ನಾನು ಅಂದ್ಕೊಂಡೆ, ನಮ್ಮ ತಮ್ಮ ಹೆದರ್ತಾನಲ್ಲ, ಆ ಥರ ಮಾಡೋಣ, ಅವನು ಹೆದರಿದ್ರೆ ನೋಡಿದವರಿಗೆ ಎತ್ಕೊಳ್ಬೇಕು ಅನ್ಸತ್ತೆ ಅಂತ. ನೀನು ನೋಡಿ ಏನೂ ಹೇಳ್ಲೇ ಇಲ್ಲ. ಬೇಜಾರಾಯ್ತೇನೋ ಅನ್ಕೊಂಡೆ."

ಬೇಜಾರೇನಿಲ್ಲ ಅಣ್ಣ, ಎಂದ ಅವನು. ಎಷ್ಟು ಸಲೀಸಾಗಿ ಬಂತು ಮಾತು! ಅವತ್ತು ತೊಡೆಯ ಕೆಳಗೆ ಇಟ್ಟು ಕೂತ ಕೈ ಮತ್ತೆ ಜೋಮು ಹಿಡಿದಂತಾಯಿತು. ಅಣ್ಣ ತಮ್ಮನ ಮುಖ ಕದ್ದಿರಲಿಲ್ಲ, ಮಗುವನ್ನು ಎತ್ತಿಕೊಳ್ಳುವ ಹಾಗೆ ಎತ್ತಿಕೊಂಡಿದ್ದ. ಆ ಕತ್ತಲಲ್ಲಿ ಅವನಿಗೆ ಅದೊಂದು ಕಾಣದೆ ಹೋಯಿತು, ಹೇಡಿ ಎಂದು ಪಕ್ಕದವಳು ಅಂದದ್ದು ಮಾತ್ರ ಕೇಳಿಸಿತು, ಅದನ್ನೇ ಹಿಡಿದುಕೊಂಡು ಹೋಗಿ ಒಂದು ಹೆಸರು ಅಳಿಸಿದ. ಈಗಲಾದರೂ ಹೇಳಿಬಿಡಬೇಕು, ಜಾಹೀರಾತು ಮುಗಿಯುವುದರೊಳಗೆ, ಅಣ್ಣ, ನಾನು ಬರೆದಿದ್ದೆ, ನಿನ್ನ ಹೆಸರು ಬರೆದಿದ್ದೆ, ಎಂದು ಬಾಯಿ ತೆರೆದ. "ರೆಡಿ ಸರ್," ಎಂದರು ಮೇಡಂ ಕಿವಿಯಲ್ಲಿ. "ಪೋಷಕ ನಟ ಬರ್ತಿದೆ. ಕ್ಯಾಮೆರಾ ನಿಮ್ಮಿಬ್ಬರ ಮೇಲೇ ಇದೆ."

ಅವನು ಟಿವಿಯ ಕೆಳಗಿನ ಅಂಚನ್ನು ನೋಡುತ್ತ ಕೂತ. ಕಿವಿಯಲ್ಲಿ ನಟಿ ಮೊದಲನೆಯ ಹೆಸರು ಓದಿದಳು, ಅದು ಅವನು ಬರೆದದ್ದೇ. ಎರಡು. ಮೂರು. ಟಿವಿಯಲ್ಲಿ ಆಗ ಇನ್ನೂ ಮೊದಲನೆಯದು. ನಾಲ್ಕೂ ಬಂತು. ಹಿರಿಯ ನಟನದು ಇನ್ನೂ ಬಂದಿರಲಿಲ್ಲ. ಇನ್ನುಳಿದದ್ದು ಅದೇ, ಅದೇ ಬರುತ್ತದೆ, ಅದೇ ಬರಲಿ ಎಂದು ಅವನ ಒಳಗೆ ಯಾರೋ ಅಂದರು, ಅಂದದ್ದು ತಾನೇ ಎಂದು ಗುರುತು ಹತ್ತುವಷ್ಟರಲ್ಲಿ ಐದನೆಯ ಹೆಸರು ಕಿವಿಗೆ ಬಂತು. ಅಪ್ಪ ಇಟ್ಟ ಹೆಸರು. ಶಾಲೆಯ ಹಾಜರಿಯಲ್ಲಿ, ಪತ್ರದ ಮೇಲೆ, ಈ ಮನೆಯ ಬಾಗಿಲಿನ ಫಲಕದ ಮೇಲೆ ಇದ್ದ ಹೆಸರು.

ತಡೀರಿ ಎಂದಿದ್ದ ಕ್ಯಾಮೆರಾದವನು. ಅವನು ತಡೆದ. ತಡೆದೆನೆಂದೇ ಅಂದುಕೊಂಡ. ಆದರೆ ಮುಖದಿಂದ ರಕ್ತ ಇಳಿದುಹೋಗುತ್ತಿರುವುದು, ಎಡಗಣ್ಣಿನ ರೆಪ್ಪೆ ಬಡಿದದ್ದು, ಕೈ ತನ್ನಷ್ಟಕ್ಕೆ ಎದ್ದು ಮಣಿಕಟ್ಟಿನ ಹಿಂಬದಿಯಿಂದ ತುಟಿ ಒರೆಸಿಕೊಂಡದ್ದು, ಎಲ್ಲ ಬೇರೆ ಯಾರಿಗೋ ಆಗುತ್ತಿದ್ದ ಹಾಗೆ ದೂರದಿಂದ ತಿಳಿಯಿತು. ಬಲಗಡೆಯಿಂದ ಅಣ್ಣ ತನ್ನನ್ನೇ ನೋಡುತ್ತಿದ್ದಾನೆಂದು ಗೊತ್ತಾಯಿತು. ಟಿವಿಯಲ್ಲಿ ಇನ್ನೂ ಮೂರನೆಯ ಹೆಸರಿತ್ತು, ಅಣ್ಣ ಟಿವಿಯನ್ನು ನೋಡುತ್ತಿರಲಿಲ್ಲ. ಇಯರ್‌ಫೋನಿನಲ್ಲಿ ಎಲ್ಲ ಮೊದಲೇ ಬರುತ್ತದೆಂದು ಕ್ಯಾಮೆರಾದವನು ಅಣ್ಣನಿಗೂ ಹೇಳಿದ್ದ. ಅಣ್ಣ ಅದನ್ನು ಅವನ ಮುಖದಲ್ಲಿ ಓದುತ್ತಿದ್ದ, ಮಂಚದ ಮೇಲೆ ಕೂತು ಓದುತ್ತಿದ್ದ ಹಾಗೆ, ಎಂದೂ ತಪ್ಪದ ಹಾಗೆ. ಓದಿ ಮುಗಿಸಿ, ಒಂದು ಸಣ್ಣ ನಗು ನಕ್ಕು, ತಮ್ಮನ ಮೊಣಕಾಲ ಮೇಲೆ ಕೈಯಿಟ್ಟ. "ಹೋಗ್ಲಿ ಬಿಡೋ," ಎಂದ. "ನೀನ್ಯಾಕೆ ಇಷ್ಟು ನೊಂದ್ಕೋತೀಯ. ನನಗೇನೂ ಆಗಿಲ್ಲ."

ಆ ಕೈ ಬೆಚ್ಚಗಿತ್ತು. ಅವನಿಗೆ ಕೂಗಬೇಕೆನಿಸಿತು. ಇಲ್ಲ ಅಣ್ಣ, ಬಂದಿದೆ, ನಿನ್ನದು ಬಂದಿದೆ! ಒಂದು ಮಾತು, ಟಿವಿ ಹೇಳುವುದರೊಳಗೆ ತಾನೇ ಹೇಳಿದರೆ ಎಲ್ಲ ನೆಟ್ಟಗಾಗುತ್ತಿತ್ತು. ಅವನು ಟಿವಿಯ ಅಂಚನ್ನೇ ನೋಡುತ್ತ ಕೂತ. ಟಿವಿಯಲ್ಲಿ ನಾಲ್ಕನೆಯ ಹೆಸರು ಬಂತು. ಟಿವಿಯ ನಟಿ ತಲೆ ಎತ್ತಿ, ನಕ್ಕು, ಐದನೆಯದನ್ನು ಓದಿದಳು.

ಅತ್ತಿಗೆ ಕಿರುಚಿದ್ದು, ಮಗಳು ಕುರ್ಚಿ ಬೀಳಿಸಿಕೊಂಡು ಓಡಿಬಂದು ಅಪ್ಪನ ಕತ್ತಿಗೆ ಜೋತುಬಿದ್ದದ್ದು, ಪಕ್ಕದ ಮನೆಯವರು ಬಾಗಿಲಲ್ಲಿ ಚಪ್ಪಾಳೆ ತಟ್ಟಿದ್ದು, 'ಅಯ್ಯೋ, ಬಂತಲ್ರೀ, ಬಂತಲ್ರೀ' ಎನ್ನುವುದನ್ನು ಬಿಟ್ಟು ಅತ್ತಿಗೆಗೆ ಬೇರೆ ಮಾತೇ ಹೊರಡದೆ ಹೋದದ್ದು, ಇದೆಲ್ಲದರ ನಡುವೆ ಅಣ್ಣ ಕದಲಲಿಲ್ಲ. ಟಿವಿಯ ಕಡೆ ತಿರುಗಲೂ ಇಲ್ಲ. ತಮ್ಮನ ಮುಖವನ್ನೇ ನೋಡುತ್ತಿದ್ದ, ಓದಿದ ಸಾಲನ್ನು ಮತ್ತೊಮ್ಮೆ ಮೊದಲಿಂದ ಓದುವವನ ಹಾಗೆ. ಹೆಸರು ತಪ್ಪಿದ್ದಕ್ಕೆ ನೊಂದ ಮುಖವಲ್ಲ, ಅಣ್ಣನ ಹೆಸರು ಬಂದದ್ದನ್ನು ಕೇಳಿಸಿಕೊಂಡ ಮುಖ ಇದು. ಆಮೇಲೆ ಅಣ್ಣನ ಕೈ ಮೊಣಕಾಲ ಮೇಲಿಂದ ಹೋಯಿತು. ಕೊಡವಲಿಲ್ಲ, ಕಿತ್ತುಕೊಳ್ಳಲಿಲ್ಲ, ಬೇರೆಯವರ ವಸ್ತುವನ್ನು ತಿಳಿಯದೆ ಮುಟ್ಟಿದವರು ತೆಗೆಯುವ ಹಾಗೆ ಮೆಲ್ಲಗೆ ತೆಗೆದ. ಟಿವಿಯಲ್ಲಿ ಆ ಸಿನಿಮಾದ ತುಣುಕು ಬರುತ್ತಿತ್ತು. ಗುಮಾಸ್ತ ಬಾಗಿಲಲ್ಲಿ ನಿಂತಿದ್ದ, ತುಟಿ ಒರೆಸಿಕೊಂಡ, ನೋಡಿಲ್ಲ ಸ್ವಾಮಿ, ಎಂದ. "ಅಪ್ಪಾ, ಚಿಕ್ಕಪ್ಪನ್ನ ನೋಡು!" ಎಂದು ಮಗಳು ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತ ಕೂಗಿದಳು. "ಥೇಟ್ ನಿನ್ನ ಥರಾನೇ ಮುಖ ಮಾಡ್ಕೊಂಡು ಕೂತಿದಾನೆ!"

ಕಿವಿಯಲ್ಲಿ ಮೇಡಂ ಸಂಭ್ರಮದಿಂದ ಮಾತಾಡುತ್ತಿದ್ದರು. "ಸರ್, ಕಂಗ್ರಾಟ್ಸ್! ನಿಮ್ಮ ಲೈವ್ ಮುಖ ಒಂದು ಸ್ವಲ್ಪ ಏನೋ ಆಗಿದೆ, ಶಾಕ್ ಆಗಿರ್ಬೇಕು ಪಾಪ. ಯೋಚನೆ ಮಾಡ್ಬೇಡಿ, ಬುಲೆಟಿನ್‌ಗೆ ಸಿಹಿ ಹಾಕ್ತೀವಿ. ಈಗ ಅಣ್ಣನ ಕೈಯಲ್ಲಿ ನಿಮಗೊಂದು ಸ್ವೀಟ್ ತಿನ್ನಿಸೋದು ಲೈವ್ ತಗೊಂಡುಬಿಡೋಣ, ಅದು ಸಾಕು." ಕ್ಯಾಮೆರಾದವನು ಅದನ್ನೇ ಎಲ್ಲರಿಗೂ ಕೇಳುವಂತೆ ಹೇಳಿದ. ಅತ್ತಿಗೆ ಒಳಗೆ ಓಡಿ, ಅಡುಗೆಮನೆಯ ಕಪಾಟಿನ ಮೇಲಿಂದ ಸ್ವೀಟಿನ ಡಬ್ಬಿ ತಂದರು. ಯಾವಾಗಲೋ ತಂದು, ಬಾರದಿದ್ದರೆ ಯಾರಿಗೂ ಕಾಣದಿರಲಿ ಎಂದು ಬಟ್ಟೆ ಮುಚ್ಚಿ ಇಟ್ಟಿದ್ದರು. "ತಿನ್ಸಿ, ನಿಮ್ಮ ತಮ್ಮನಿಗೆ ತಿನ್ಸಿ," ಎಂದರು. "ಪಾಪ, ಎಷ್ಟು ಹೆದರಿಬಿಟ್ಟಿತ್ತು ನೋಡಿ ಅದು."

ಅಣ್ಣ ಒಂದು ತುಂಡು ತೆಗೆದುಕೊಂಡು ಅವನ ಎದುರಿಗೆ ತಿರುಗಿ ಕೂತ. ಮೊಣಕಾಲಿಗೆ ಮೊಣಕಾಲು ತಾಗದಷ್ಟು ಜಾಗ ನಡುವೆ ಬಿಟ್ಟಿದ್ದ. ಕ್ಯಾಮೆರಾದ ಕೆಂಪು ದೀಪ ಉರಿಯುತ್ತಿತ್ತು. "ಅಣ್ಣ," ಎಂದ ಅವನು, ತುಟಿ ಅಲ್ಲಾಡದ ಹಾಗೆ, "ನಾನು ನಿನ್ನ ಹೆಸರು..." ಸ್ವೀಟು ಹಿಡಿದ ಕೈ ಬಾಯಿಯ ಹತ್ತಿರ ಬಂತು. ಅಣ್ಣನ ಕಿವಿಯ ಬಳಿಯ ಕಪ್ಪು ಕಲೆ ಬೆವರಿಗೆ ಕರಗಿ ಕೆಳಗೆ ಇಳಿಯತೊಡಗಿತ್ತು.

"ಸಂತೋಷ," ಎಂದ ಅಣ್ಣ. ಅವನಿಗೊಬ್ಬನಿಗೇ ಕೇಳುವಷ್ಟು ಮೆತ್ತಗೆ.

ಅವನು ಉಸಿರು ಬಿಟ್ಟ. ಪೂರ್ತಿ ಬಿಟ್ಟ. ಆಟೋದಿಂದ ಇಳಿಯುವ ಪಾದವನ್ನು ನೆನೆಸಿಕೊಳ್ಳಲು ಹೋದ, ಅದು ಸಿಗಲಿಲ್ಲ. ಗೇಟು ಮಾತ್ರ ಸಿಕ್ಕಿತು. ಆದರೂ ತುಟಿ ಅಗಲಿಸಿದ, ಹಲ್ಲು ತೋರಿಸಿದ, ಹುಬ್ಬು ಎತ್ತಿದ, ಬೆಳಗಿನಿಂದ ಕಲಿತದ್ದನ್ನೆಲ್ಲ ಮುಖದ ಮೇಲೆ ತಂದು ಸುರಿದು, ಅಣ್ಣನ ಕಣ್ಣಿಗೆ ಕಣ್ಣಿಟ್ಟು ಕಾದ. ಸುಳ್ಳು ಅನ್ನು. ಒಂದು ಸಲ ಸುಳ್ಳು ಅಂದುಬಿಡು ಅಣ್ಣ, ಎಂದು ಒಳಗೊಳಗೇ ಬೇಡಿಕೊಂಡ.

ಅಣ್ಣ ಅವನ ಬಾಯಿಗೆ ಸ್ವೀಟು ಇಟ್ಟ. ಅವನ ಮುಖವನ್ನು ನಿಧಾನವಾಗಿ, ಪೂರ್ತಿಯಾಗಿ ನೋಡಿದ. ಆಮೇಲೆ ಕ್ಯಾಮೆರಾದ ಕಡೆ ತಿರುಗಿ, ತುಂಬ ಚೆನ್ನಾಗಿ ನಕ್ಕ.

"ನಿಜ," ಎಂದ.